ಸ್ಟೀರಾಯ್ಡ್ ಕಣ್ಣಿನ ಹನಿ ಹಾಕುತ್ತಿದ್ದೀರಾ? ಕಣ್ಣಿನ ಪ್ರೆಶರ್ ಅಳೆಸಿದ್ದೀರಾ?

ಹಾಸನದ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವನು ನಾನು. ಕಣ್ಣಿನ ಡಾಕ್ಟರ್ ಅಲ್ಲ. ಆದರೆ ಖಾಲಿ ಬಾಟಲಿ ತೋರಿಸಿ "ಇದೇ ಡ್ರಾಪ್ಸ್ ಇನ್ನೊಂದು ಕೊಡಿ" ಎನ್ನುವವರನ್ನು ದಿನವೂ ನೋಡುತ್ತೇನೆ. ಚೀಟಿ ಎಲ್ಲಿ ಅಂದರೆ ಮನೆಯಲ್ಲಿದೆ ಅನ್ನುತ್ತಾರೆ. ಯಾವಾಗ ಬರೆದದ್ದು ಅಂದರೆ ಹೋದ ವರ್ಷ. ಅವರ ಕೈಯಲ್ಲಿರುವುದು ಎಷ್ಟೋ ಸಲ ಸ್ಟೀರಾಯ್ಡ್ ಹನಿ. ಅದು ಸ್ಟೀರಾಯ್ಡ್ ಎಂದು ಅವರಿಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸ್ಟೀರಾಯ್ಡ್ ಹನಿ ಕೆಟ್ಟ ಔಷಧಿ ಅಲ್ಲ. ಪೊರೆ ಆಪರೇಷನ್ ಆದ ಮೇಲೆ, ಕಣ್ಣೊಳಗೆ ಉರಿಯೂತ ಬಂದಾಗ, ಕಾರ್ನಿಯಾ (ಕಣ್ಣಿನ ಮುಂದಿನ ತಿಳಿ ಪದರ) ಕಸಿ ಮಾಡಿದಾಗ ಅದಿಲ್ಲದೆ ಆಗುವುದೇ ಇಲ್ಲ. ಎಷ್ಟೋ ಜನರ ದೃಷ್ಟಿ ಉಳಿದಿರುವುದು ಅದರಿಂದಲೇ. ಆದರೆ ಕೆಲವರಲ್ಲಿ ಅದು ಕಣ್ಣಿನ ಪ್ರೆಶರ್ ಏರಿಸುತ್ತದೆ, ಏರಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ಸದ್ಯಕ್ಕೆ ಮಂಜೂ ಇಲ್ಲ. ಅಳತೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ಈ ಲೇಖನ ಅದರ ಬಗ್ಗೆ.

1. ಮೊದಲು ಬಾಟಲಿ ಓದಿ

ಕಂಪನಿ ಇಟ್ಟ ದೊಡ್ಡ ಹೆಸರು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿರುವ ಮದ್ದಿನ ಹೆಸರು ಇರುತ್ತದೆ. ಇಂಗ್ಲಿಷ್‌ನಲ್ಲಿ ಇರುತ್ತದೆ, ಕಷ್ಟವಾದರೆ ಮನೆಯ ಮಕ್ಕಳ ಕೈಲಿ ಓದಿಸಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಡೈಫ್ಲುಪ್ರೆಡ್ನೇಟ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್. ಇವೆಲ್ಲ ಸ್ಟೀರಾಯ್ಡ್. ಇಷ್ಟೂ ನೆನಪಿಡುವುದು ಬೇಡ. ಹೆಸರಿನೊಳಗೆ "ಪ್ರೆಡ್" ಇದ್ದರೆ, ಅಥವಾ ಕೊನೆಗೆ "ಸೋನ್", "ಲೋನ್" ಬಂದರೆ, ಅನುಮಾನ ಪಡಿ, ಕೇಳಿ.

ಹೆಚ್ಚು ಜನ ಎಡವುವುದು ಮಿಶ್ರಣದ ಹನಿಗಳಲ್ಲಿ. ಟೋಬ್ರಾಮೈಸಿನ್, ಮಾಕ್ಸಿಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ತರಹದ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಸೇರಿಸಿ ಒಂದೇ ಬಾಟಲಿಯಲ್ಲಿ ಬರುತ್ತದೆ. ಆಂಟಿಬಯೋಟಿಕ್ ಮಾತ್ರ ಇರುವ ಬಾಟಲಿಗೂ ಮಿಶ್ರಣಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ, ಕೊನೆಗೆ ಡಿ, ಪಿ, ಎಲ್‌ಪಿ ಅಂತ ಒಂದೆರಡು ಅಕ್ಷರ ಜಾಸ್ತಿ ಇರುತ್ತದೆ ಅಷ್ಟೆ. ಆ ಅಕ್ಷರ ಕಂಡರೆ "ಇದರಲ್ಲಿ ಸ್ಟೀರಾಯ್ಡ್ ಇದೆಯಾ?" ಎಂದು ಅಂಗಡಿಯವರನ್ನು ನೇರವಾಗಿ ಕೇಳಿ. ಹೇಳುವುದು ನಮ್ಮ ಕೆಲಸ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದಲ್ಲೆಲ್ಲಾ ಹರಡಿತ್ತಲ್ಲ, ಆಗ ಪಕ್ಕದ ಮನೆಯವರು ಹಾಕಿದ್ದನ್ನೇ ಕೇಳಿಕೊಂಡು ಬರುವವರು ಬಹಳ. ಅದು ಸಾಮಾನ್ಯವಾಗಿ ವೈರಸ್ಸಿನಿಂದ ಬರುವುದು, ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಹೆಚ್ಚಿನವರಿಗೆ ಸ್ಟೀರಾಯ್ಡ್ ಬೇಕಾಗುವುದೇ ಇಲ್ಲ.

ಇನ್ನು ಕೀಟೊರೊಲ್ಯಾಕ್, ನೆಪಾಫೆನಾಕ್ ಎಂಬ ಹನಿಗಳಿವೆ. ಉರಿಯೂತ ಇಳಿಸುವ ಮದ್ದೇ, ಆದರೆ ಸ್ಟೀರಾಯ್ಡ್ ಅಲ್ಲ. ಇಲ್ಲಿ ಹೇಳುವ ಪ್ರೆಶರಿನ ಮಾತು ಅವಕ್ಕೆ ಸೇರುವುದಿಲ್ಲ.

2. ಹಾಕಿದ ಹನಿ ಎಲ್ಲಿಗೆ ಹೋಗುತ್ತದೆ, ತಿಳಿದುಕೊಳ್ಳಿ

ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಇದು ತಿಳಿದರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್. ಕಣ್ಣಿನ ಮೇಲೆ ಮಾಮೂಲಾಗಿ ಇರುವ ಕಣ್ಣೀರು 7ರಿಂದ 10 ಮೈಕ್ರೋಲೀಟರ್ ಅಷ್ಟೆ. ರೆಪ್ಪೆಯ ಒಳಗೆ ಹೆಚ್ಚೆಂದರೆ 30ರಷ್ಟು ಹಿಡಿಯುತ್ತದೆ. ಹಾಗಾಗಿ ಒಂದೇ ಹನಿ ಕಣ್ಣಿಗೆ ಜಾಸ್ತಿಯೇ. ಮಿಕ್ಕಿದ್ದು ಕೆನ್ನೆ ಮೇಲೆ ಇಳಿಯುತ್ತದೆ, ಇಲ್ಲವೇ ಕಣ್ಣಿನ ಒಳಮೂಲೆಯ ಸಣ್ಣ ತೂತಿನಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ. ಹನಿ ಹಾಕಿದ ಮೇಲೆ ಗಂಟಲು ಕಹಿಯಾಗುವುದು ಅದಕ್ಕೇ. ಕೊನೆಗೆ ಕಣ್ಣೊಳಗೆ ಇಳಿಯುವುದು ನೂರರಲ್ಲಿ ಐದು ಪಾಲಿಗಿಂತ ಕಡಿಮೆ. ಎರಡು ಹನಿ ಹಾಕಿದರೆ ಬೇಗ ವಾಸಿ ಅಂದುಕೊಂಡು ಸುರಿಯುವವರು ಸುಮ್ನೆ ಕೆನ್ನೆಗೆ ಔಷಧಿ ಹಾಕಿದಂತೆ.

ಒಳಗೆ ಹೋಗುವ ಮುಖ್ಯ ದಾರಿ ಕಾರ್ನಿಯಾ. ಕಪ್ಪುಗುಡ್ಡೆಯ ಮೇಲೆ ಗಾಜಿನಂತೆ ತಿಳಿಯಾಗಿರುವ ಪದರ ಅದು, ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದರ ಹೊರಮೈಯ ಜೀವಕೋಶಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ, ಕೊಬ್ಬಿನಲ್ಲಿ ಕರಗುವ ವಸ್ತುವನ್ನು ಮಾತ್ರ ಸುಲಭವಾಗಿ ಬಿಡುತ್ತವೆ. ಅದರ ಕೆಳಗಿನ ದಪ್ಪ ಭಾಗ ನೀರಿನಿಂದ ತುಂಬಿದ್ದು, ಅಲ್ಲಿ ನೀರಿನಲ್ಲಿ ಕರಗುವುದೇ ಸಲೀಸಾಗಿ ಸಾಗುತ್ತದೆ. ಎರಡನ್ನೂ ದಾಟಬೇಕಾದರೆ ಮದ್ದಿಗೆ ಎರಡೂ ಗುಣ ಬೇಕು.

ಪ್ರೆಡ್ನಿಸೊಲೋನ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪ್ರೆಡ್ನಿಸೊಲೋನ್ ಅಸಿಟೇಟ್ ಕೊಬ್ಬಿಗೆ ಒಲಿಯುವ ರೂಪ. ಹೊರಮೈ ಗಟ್ಟಿಯಾಗಿದ್ದರೂ ದಾಟುತ್ತದೆ. ಒಳಗೆ ಹೋದ ಮೇಲೆ ಕಾರ್ನಿಯಾದ ಕಿಣ್ವಗಳು ಅದನ್ನು ಒಡೆದು ನಿಜವಾದ ಪ್ರೆಡ್ನಿಸೊಲೋನ್ ಮಾಡುತ್ತವೆ, ಒಂದೆರಡು ಗಂಟೆಯಲ್ಲಿ ಕಣ್ಣೊಳಗಿನ ನೀರಿನಲ್ಲಿ ಅದು ಒಳ್ಳೆ ಪ್ರಮಾಣಕ್ಕೆ ಏರುತ್ತದೆ. ಅದೇ ಮದ್ದಿನ ಫಾಸ್ಫೇಟ್ ರೂಪ ನೀರಿನಲ್ಲಿ ಕರಗುವಂಥದ್ದು. ಗಟ್ಟಿ ಹೊರಮೈಯನ್ನು ದಾಟಲು ಅದಕ್ಕೆ ಕಷ್ಟ. ಕಣ್ಣೊಳಗಿನ ಉರಿಯೂತಕ್ಕೆ ಡಾಕ್ಟರು ಸಾಮಾನ್ಯವಾಗಿ ಅಸಿಟೇಟ್ ಬರೆಯುವುದಕ್ಕೆ ಇದು ಕಾರಣ.

ಡೈಫ್ಲುಪ್ರೆಡ್ನೇಟ್ ಇನ್ನೂ ಜೋರು. 0.05 ಪರ್ಸೆಂಟ್ ಅಂದರೆ ಕಮ್ಮಿ ಅನಿಸಬಹುದು, ಆದರೆ ಆ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಬೇರೆ ಬೇರೆ ಮದ್ದುಗಳ ಪರ್ಸೆಂಟ್ ಹೋಲಿಸಿ ಯಾವುದು ಸೌಮ್ಯ ಎಂದು ತೀರ್ಮಾನಿಸಲು ಆಗುವುದಿಲ್ಲ. ಫ್ಲೋರೋಮೆಥೋಲೋನ್ ಕಣ್ಣೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಹೆಚ್ಚು ಕೆಲಸ. ಲೋಟೆಪ್ರೆಡ್ನಾಲ್ ಅನ್ನು ಕೆಲಸ ಮಾಡಿದ ಮೇಲೆ ಬೇಗ ಒಡೆದು ನಿಷ್ಕ್ರಿಯವಾಗಲಿ ಎಂದೇ ರೂಪಿಸಿದ್ದಾರೆ. ಇವೆರಡರಿಂದ ಪ್ರೆಶರ್ ಏರುವುದು ಕಡಿಮೆ. ಏರುವುದೇ ಇಲ್ಲ ಅಂತಲ್ಲ.

ಕಣ್ಣು ಕೆರಳಿದ್ದಾಗ, ಹೊರಮೈ ಕೆತ್ತಿದ್ದಾಗ ಮದ್ದು ಇನ್ನೂ ಸುಲಭವಾಗಿ ಒಳಗಿಳಿಯುತ್ತದೆ. ಹನಿ ಕೆಡದಿರಲಿ ಎಂದು ಹಾಕುವ ಬೆನ್ಜಾಲ್ಕೋನಿಯಂ ಕ್ಲೋರೈಡ್ ಕೂಡ ಆ ಹೊರಮೈಯ ಬಿಗಿಯನ್ನು ಸ್ವಲ್ಪ ಸಡಿಲ ಮಾಡುತ್ತದೆ.

ಹನಿಗೆ ಕಣ್ಣಿನ ಹಿಂಭಾಗ ಮಾತ್ರ ದೂರದ ಊರು. ಮಧ್ಯೆ ಲೆನ್ಸ್ ಅಡ್ಡ, ಮೇಲಾಗಿ ಒಳಗಿನ ನೀರು ಸದಾ ಮುಂದಕ್ಕೇ ಹರಿಯುತ್ತಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ರೆಟಿನಾದ (ಕಣ್ಣಿನ ಹಿಂದಿನ, ಬೆಳಕು ಹಿಡಿಯುವ ಪರದೆಯ) ನಡುವೆ ಊತ ಬಂದಾಗ ಹನಿ ಬಿಟ್ಟು ಕಣ್ಣಿಗೇ ಇಂಜೆಕ್ಷನ್ ಕೊಡುವುದು ಅದಕ್ಕೆ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು, ನಿಧಾನವಾಗಿ ಕರಗುವ ಡೆಕ್ಸಾಮೆಥಾಸೋನ್ ಕಡ್ಡಿ ಇವೆಲ್ಲ ಆ ಸಾಲಿನವು. ಇವು ತಿಂಗಳುಗಟ್ಟಲೆ ಒಳಗಿರುತ್ತವೆ, ಪ್ರೆಶರ್ ಏರಿದರೆ ಹನಿಯ ಹಾಗೆ ನಾಳೆಯಿಂದ ನಿಲ್ಲಿಸಲು ಬರುವುದಿಲ್ಲ. ಇಂಜೆಕ್ಷನ್ ಆದವರು ಕರೆದ ದಿನಕ್ಕೆ ತಪ್ಪದೆ ಹೋಗಿ.

3. ಪ್ರೆಶರ್ ಏರುವುದು ಹೇಗೆ

ಕಣ್ಣಿನ ಪ್ರೆಶರ್ ಬೇರೆ, ಬಿಪಿ ಬೇರೆ. "ನನಗೆ ಬಿಪಿ ಇಲ್ಲ, ಏನೂ ಆಗಲ್ಲ" ಎನ್ನುವವರಿಗೆ ಇದನ್ನು ಹೇಳಲೇಬೇಕು.

ಕಣ್ಣೊಳಗೆ ಒಂದು ತಿಳಿ ನೀರು ಸದಾ ಹುಟ್ಟುತ್ತಿರುತ್ತದೆ, ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರ್. ಅದು ಲೆನ್ಸಿಗೂ ಕಾರ್ನಿಯಾಕ್ಕೂ ಆಹಾರ ಕೊಟ್ಟು, ಕಾರ್ನಿಯಾ ಮತ್ತು ಐರಿಸ್ (ಕಣ್ಣಿನ ಬಣ್ಣದ ಉಂಗುರ) ಸೇರುವ ಮೂಲೆಯಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಗೆ ಹೋಗುತ್ತದೆ. ಹುಟ್ಟುವುದೂ ಹೋಗುವುದೂ ಸಮವಾಗಿದ್ದರೆ ಪ್ರೆಶರ್ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗೆ ಇರುತ್ತದೆ.

ಒಳಗೆ ಇಳಿದ ಸ್ಟೀರಾಯ್ಡ್ ಇದೇ ನೀರಿನಲ್ಲಿ ಬೆರೆತು, ಇದೇ ಜಾಲರಿಯ ಮೂಲಕವೇ ಹೊರಗೆ ಹೋಗುತ್ತದೆ. ಉಪಕಾರ ಮಾಡಿದ ಮದ್ದು ಹೊರಡುವ ದಾರಿಯಲ್ಲಿ ತೊಂದರೆ ಕೊಡುತ್ತದೆ. ಜಾಲರಿಯ ಜೀವಕೋಶಗಳು ಸ್ಟೀರಾಯ್ಡ್ ತಾಗಿದಾಗ ತಮ್ಮ ನಡವಳಿಕೆ ಬದಲಿಸುತ್ತವೆ. ಅಂಟು ಪ್ರೋಟೀನುಗಳನ್ನು ಜಾಸ್ತಿ ಮಾಡುತ್ತವೆ, ತಾವೇ ಬಿಗಿಯಾಗುತ್ತವೆ, ಅಲ್ಲಿ ಸೇರುವ ಕಸವನ್ನು ನುಂಗಿ ಚೊಕ್ಕಟ ಮಾಡುವ ಕೆಲಸ ಕಡಿಮೆ ಮಾಡುತ್ತವೆ. ನಮ್ಮ ಕಡೆಯ ಹಳೇ ಕೆರೆಗಳ ತೂಬಿಗೆ ಹೂಳು ಕಟ್ಟಿದರೆ ಏನಾಗುತ್ತದೋ ಅದೇ. ಬರುವ ನೀರು ಅಷ್ಟೇ ಬರುತ್ತಿದೆ, ಹೋಗುವುದು ನಿಧಾನ, ಒಳಗೆ ಮಟ್ಟ ಏರುತ್ತದೆ.

ಏರಿದ ಪ್ರೆಶರ್ ಹಿಂದಿರುವ ಕಣ್ಣಿನ ನರವನ್ನು ಒತ್ತುತ್ತದೆ. ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ನೋಟ ಮೊದಲು ಅಂಚಿನಲ್ಲಿ ಕಡಿಮೆಯಾಗುತ್ತದೆ. ನೇರ ನೋಟ ಚೆನ್ನಾಗಿರುವುದರಿಂದ ಪೇಪರ್ ಓದಬಹುದು, ಬೈಕ್ ಓಡಿಸಬಹುದು, ಏನೂ ಗೊತ್ತಾಗುವುದಿಲ್ಲ. ಇದನ್ನೇ ಸ್ಟೀರಾಯ್ಡ್ ಗ್ಲಕೋಮಾ ಎನ್ನುವುದು. ಹೋದ ನರ ಮತ್ತೆ ಬರುವುದಿಲ್ಲ, ಯಾವ ಆಪರೇಷನ್ನಿಗೂ ಬರುವುದಿಲ್ಲ. ಪೊರೆ ಆಪರೇಷನ್ ಮಾಡಿದರೆ ಬೆಳಕು ಬರುತ್ತದಲ್ಲ, ಇದೂ ಹಾಗೇ ಅಂದುಕೊಳ್ಳಬೇಡಿ. ಅಂದ ಹಾಗೆ ಬಹುಕಾಲ ಸ್ಟೀರಾಯ್ಡ್ ಹಾಕಿದರೆ ಪೊರೆಯೂ ಬೇಗ ಬರುತ್ತದೆ, ಲೆನ್ಸಿನ ಹಿಂಬದಿಯಲ್ಲಿ. ಬಿಸಿಲಲ್ಲಿ, ಎದುರಿನ ಗಾಡಿಯ ಬೆಳಕಲ್ಲಿ ಕಣ್ಣು ಕತ್ತಲೆಗಟ್ಟುವುದು ಅದರ ಲಕ್ಷಣ.

4. ನಿಮಗೆ ಏರುತ್ತದಾ?

ಎಲ್ಲರಿಗೂ ಏರುವುದಿಲ್ಲ. 1960ರ ದಶಕದಲ್ಲಿ ಆರ್ಮಲಿ, ಬೆಕರ್ ಎಂಬ ವೈದ್ಯರು ಅಮೆರಿಕದಲ್ಲಿ ಜನರಿಗೆ ನಾಲ್ಕಾರು ವಾರ ಜೋರಾದ ಸ್ಟೀರಾಯ್ಡ್ ಹನಿ ಹಾಕಿ ಪ್ರೆಶರ್ ಅಳೆದು ನೋಡಿದರು. ಅಂಥ ಅಧ್ಯಯನಗಳಿಂದ ತಿಳಿದದ್ದು ಇಷ್ಟು: ಸುಮಾರು ಮೂರರಲ್ಲಿ ಒಬ್ಬರಿಗೆ ಮಧ್ಯಮವಾಗಿ, ಅಂದರೆ 6ರಿಂದ 15 ಮಿಲಿಮೀಟರಿನಷ್ಟು ಏರುತ್ತದೆ. ನೂರರಲ್ಲಿ 4ರಿಂದ 6 ಜನರಿಗೆ 15ಕ್ಕಿಂತ ಹೆಚ್ಚು ಏರುತ್ತದೆ. ಉಳಿದವರಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀವು ಯಾವ ಗುಂಪಿನವರು ಎಂದು ಮುಖ ನೋಡಿ ಹೇಳಲು ಡಾಕ್ಟರಿಗೂ ಸಾಧ್ಯವಿಲ್ಲ.

ಆದರೂ ಕೆಲವರು ಮೊದಲೇ ಎಚ್ಚರವಾಗಿರಬೇಕು. ಈಗಾಗಲೇ ಗ್ಲಕೋಮಾ ಇರುವವರು, ಅವರಲ್ಲಿ ಹೆಚ್ಚಿನವರಿಗೆ ಸ್ಟೀರಾಯ್ಡ್‌ನಿಂದ ಪ್ರೆಶರ್ ಏರುತ್ತದೆ. ಅಪ್ಪ, ಅಮ್ಮ, ಅಣ್ಣ, ತಂಗಿಯರಲ್ಲಿ ಯಾರಿಗಾದರೂ ಗ್ಲಕೋಮಾ ಇದ್ದವರು. ಮೈನಸ್ ಪವರ್ ಬಹಳ ಇರುವವರು. ಸಕ್ಕರೆ ಕಾಯಿಲೆ, ಕೀಲುವಾತ ಇರುವವರು. ಮಕ್ಕಳು. ಹಿಂದೆ ಒಂದು ಸಲ ಏರಿದ್ದರೆ ಈ ಸಲವೂ ಏರುವ ಸಾಧ್ಯತೆ ಜಾಸ್ತಿ, ಅದನ್ನು ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತಾಗಿ ಹೇಳಿ. ನಮ್ಮಲ್ಲಿ "ನಮ್ಮಪ್ಪನಿಗೆ ಕೊನೆಗಾಲದಲ್ಲಿ ಕಣ್ಣು ಕಾಣ್ತಿರಲಿಲ್ಲ" ಅನ್ನುವುದು ಬಿಟ್ಟರೆ ಯಾವ ಕಾಯಿಲೆ ಎಂದು ಗೊತ್ತಿರುವುದಿಲ್ಲ. ಪೊರೆಯಾ ಗ್ಲಕೋಮಾನಾ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ.

5. ಹನಿ ಸರಿಯಾಗಿ ಹಾಕಿ

ಕೈ ತೊಳೆಯಿರಿ. ಬಾಟಲಿ ಅಲ್ಲಾಡಿಸಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬಹಳ ಜನ ಇದನ್ನು ಬಿಡುತ್ತಾರೆ. ಪ್ರೆಡ್ನಿಸೊಲೋನ್ ಅಸಿಟೇಟ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಹನಿಗಳಲ್ಲಿ ಮದ್ದು ಪೂರ್ತಿ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ, ಇಟ್ಟರೆ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಹಾಕಿದರೆ ಒಂದು ದಿನ ಬರೀ ನೀರು ಬಿದ್ದಂತೆ, ಇನ್ನೊಂದು ದಿನ ಗಟ್ಟಿ ಮದ್ದು ಬಿದ್ದಂತೆ. ಕಣ್ಣು ಏಕೆ ವಾಸಿಯಾಗುತ್ತಿಲ್ಲ ಎಂದು ಡಾಕ್ಟರು ತಲೆ ಕೆಡಿಸಿಕೊಂಡು ಇನ್ನೂ ಜೋರಾದ ಹನಿ ಬರೆಯಬಹುದು. ಚೆನ್ನಾಗಿ, ಹತ್ತು ಹದಿನೈದು ಸಲ ಅಲ್ಲಾಡಿಸಿ. ಡೈಫ್ಲುಪ್ರೆಡ್ನೇಟ್ ಮಾತ್ರ ಎಮಲ್ಷನ್, ಅಂದರೆ ಹಾಲಿನಂತೆ ಎಣ್ಣೆ ನೀರು ಬೆರೆತದ್ದು, ಅದಕ್ಕೆ ಅಲ್ಲಾಡಿಸುವ ಅಗತ್ಯ ಇಲ್ಲ.

ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಮೆಲ್ಲಗೆ ಎಳೆದು, ಅಲ್ಲಾಗುವ ಗುಳಿಯಲ್ಲಿ ಒಂದೇ ಹನಿ ಬಿಡಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮೃದುವಾಗಿ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮೂಗಿಗೆ ಇಳಿಯುವ ದಾರಿ ಮುಚ್ಚುತ್ತದೆ, ಮದ್ದು ಕಣ್ಣಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಮೈಗೆ ಸೇರುವುದು ಕಡಿಮೆಯಾಗುತ್ತದೆ. ಪಟಪಟ ರೆಪ್ಪೆ ಬಡಿದರೆ ಹಾಕಿದ್ದೆಲ್ಲ ಹೊರಗೆ. ಇನ್ನೊಂದು ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಕೊನೆಗೆ.

ಡಾಕ್ಟರು ಬರೆದ ಮದ್ದು ಸಿಗದಿದ್ದರೆ ಅದೇ ಮದ್ದು, ಅದೇ ಪ್ರಮಾಣ, ಬೇರೆ ಕಂಪನಿ ಆದರೆ ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಬಹುದು. ಮದ್ದೇ ಬೇರೆ ಆದರೆ ಬೇಡ. ಲೋಟೆಪ್ರೆಡ್ನಾಲ್ ಬದಲು ಡೆಕ್ಸಾಮೆಥಾಸೋನ್, "ಎರಡೂ ಸ್ಟೀರಾಯ್ಡೇ" ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಮೇಲೆ ಓದಿದಿರಲ್ಲ, ಎರಡೂ ಒಂದೇ ಅಲ್ಲ.

6. ಪ್ರೆಶರ್ ಯಾವಾಗ ಅಳೆಸಬೇಕು

ಹನಿ ಶುರು ಮಾಡುವ ಮೊದಲೇ ಒಂದು ಅಳತೆ ಇದ್ದರೆ ಬಹಳ ಒಳ್ಳೆಯದು. ಆಮೇಲೆ ಏರಿದೆಯಾ ಎಂದು ಹೇಳಲು ಮೊದಲಿನ ಸಂಖ್ಯೆ ಬೇಕಲ್ವಾ. ಕಣ್ಣು ತುಂಬಾ ಕೆರಳಿದ್ದಾಗ ಅಥವಾ ಗಾಯವಾಗಿದ್ದಾಗ ಅಳೆಯಲು ಆಗದಿರಬಹುದು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ.

ದೊಡ್ಡವರಲ್ಲಿ ಹನಿಯಿಂದ ಪ್ರೆಶರ್ ಏರುವುದು ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ. ಹಾಗಾಗಿ ಎರಡು ವಾರಕ್ಕಿಂತ ಜಾಸ್ತಿ ಹಾಕಬೇಕಾದರೆ, ಎರಡು ಮೂರನೇ ವಾರದಲ್ಲಿ ಒಮ್ಮೆ, ಆಮೇಲೆ ಡಾಕ್ಟರು ಹೇಳಿದಂತೆ ಅಳೆಸಿ. ಮಕ್ಕಳಲ್ಲಿ, ಗ್ಲಕೋಮಾ ಇರುವವರಲ್ಲಿ, ಜೋರಾದ ಹನಿ ಹಾಕುವವರಲ್ಲಿ ಇನ್ನೂ ಬೇಗ, ಮೊದಲ ವಾರದಲ್ಲೇ ಏರಬಹುದು. ಮೊದಲ ಸಲ ನಾರ್ಮಲ್ ಬಂತು ಎಂದು ಆರು ತಿಂಗಳು ಸುಮ್ಮನಿರಬೇಡಿ. ಹನಿ ಮುಂದುವರಿಯುವಷ್ಟು ಕಾಲ ಅಳತೆಯೂ ಮುಂದುವರಿಯಬೇಕು.

ಅಳೆಯುವುದಕ್ಕೆ ನೋವಿಲ್ಲ. ಒಂದು ಯಂತ್ರ ಕಣ್ಣಿಗೆ ಪಫ್ ಎಂದು ಗಾಳಿ ಊದುತ್ತದೆ, ಬೆಚ್ಚಿಬೀಳುತ್ತೀರಿ ಅಷ್ಟೆ. ಇನ್ನೊಂದರಲ್ಲಿ ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ಸಣ್ಣ ತುದಿಯೊಂದನ್ನು ಕಾರ್ನಿಯಾಕ್ಕೆ ತಾಗಿಸಿ ನೋಡುತ್ತಾರೆ. ಇದನ್ನೇ ಹೆಚ್ಚು ನಂಬುವುದು. ಗಾಳಿ ಯಂತ್ರದಲ್ಲಿ ಜಾಸ್ತಿ ತೋರಿಸಿದರೆ ಇದರಲ್ಲಿ ಮತ್ತೆ ನೋಡುತ್ತಾರೆ. ಕಾರ್ನಿಯಾ ದಪ್ಪ ಇದ್ದವರಿಗೆ ಸಂಖ್ಯೆ ಸ್ವಲ್ಪ ಹೆಚ್ಚು, ತೆಳು ಇದ್ದವರಿಗೆ ಕಡಿಮೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಎಲ್ಲಿ ಹೋಗುವುದು? ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗ ಇದೆ. ಚಿಕ್ಕಮಗಳೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಮೊದಲು ವಿಚಾರಿಸಿ, ಇಡೀ ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದು ವಾಪಸ್ ಹೋಗುವುದು ತಪ್ಪುತ್ತದೆ. ದೊಡ್ಡ ತೊಂದರೆಯಾದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕಳಿಸಬಹುದು.

ಹೋದಾಗ ಸಂಖ್ಯೆ ಕೇಳಿ. "ಎರಡೂ ಕಣ್ಣಿನ ಪ್ರೆಶರ್ ಎಷ್ಟು ಬಂತು ಸರ್, ಚೀಟಿಯಲ್ಲಿ ಬರೆದುಕೊಡಿ" ಎನ್ನಿ. ಕೇಳಲು ಹಿಂಜರಿಯಬೇಡಿ. ಹಾಗೇ "ಈ ಹನಿ ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ ಕಡಿಮೆ ಮಾಡಬೇಕು" ಎಂಬುದನ್ನೂ ಬರೆಸಿಕೊಳ್ಳಿ. ಆ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

7. ಕಣ್ಣು ಉಜ್ಜುವ ಮಕ್ಕಳ ಅಪ್ಪ ಅಮ್ಮಂದಿರಿಗೆ

ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ. ಅರಸೀಕೆರೆ, ಕಡೂರಿನ ಕಡೆ ಬೇಸಿಗೆಯ ಒಣ ಗಾಳಿ, ಧೂಳು. ಐದು ವರ್ಷದಿಂದ ಹದಿನೈದರ ತನಕದ ಮಕ್ಕಳು, ಅದರಲ್ಲೂ ಗಂಡು ಮಕ್ಕಳು, ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿರುತ್ತಾರೆ. ನೂಲಿನಂತೆ ಎಳೆ ಎಳೆಯಾಗಿ ಪಿಸುರು ಬರುತ್ತದೆ. ಬೆಳಕು ನೋಡಲು ಆಗುವುದಿಲ್ಲ. ಇದು ವರ್ನಲ್ ಎಂಬ ಅಲರ್ಜಿ. ವರ್ಷ ವರ್ಷ ಬಿಸಿಲು ಏರಿದಾಗ ಬರುತ್ತದೆ, ಸಾಮಾನ್ಯವಾಗಿ ಮಗು ದೊಡ್ಡವನಾಗುವ ಹೊತ್ತಿಗೆ ತಾನೇ ಕಡಿಮೆಯಾಗುತ್ತದೆ.

ಮೊದಲ ಸಲ ಡಾಕ್ಟರು ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಆಮೇಲೆ ಪ್ರತಿ ಸಲ ತುರಿಕೆ ಬಂದಾಗ ಅದೇ ಬಾಟಲಿ. "ಅಣ್ಣಾ, ಆ ಹಳೇ ಡ್ರಾಪ್ಸೇ ಕೊಡಿ, ಅದು ಹಾಕಿದ್ರೆ ಮಾತ್ರ ನನ್ನ ಮಗ ಶಾಲೆಗೆ ಹೋಗೋದು" ಎನ್ನುವ ತಾಯಂದಿರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳಲ್ಲಿ ಪ್ರೆಶರ್ ದೊಡ್ಡವರಿಗಿಂತ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. ಅಂಚಿನ ನೋಟ ಹೋಗುತ್ತಿದೆ ಎಂದು ಮಗು ಹೇಳುವುದಿಲ್ಲ, ಅದಕ್ಕೆ ಗೊತ್ತಾಗುವುದೂ ಇಲ್ಲ. ವರ್ಷಗಟ್ಟಲೆ ಹೀಗೆ ಹನಿ ಹಾಕಿಸಿಕೊಂಡು, ಅಲರ್ಜಿ ವಾಸಿಯಾಗುವ ವಯಸ್ಸಿಗೆ ಕಣ್ಣಿನ ನರ ಕಳೆದುಕೊಳ್ಳುವ ಮಕ್ಕಳಿದ್ದಾರೆ. ತಾನಾಗಿ ಹೋಗುವ ಕಾಯಿಲೆಗೆ ಜೀವಮಾನದ ದೃಷ್ಟಿ ಕೊಡುವುದಾ?

ಬೇರೆ ದಾರಿ ಇದೆ. ತಣ್ಣೀರಿನ ಬಟ್ಟೆ ಕಣ್ಣಿನ ಮೇಲೆ ಇಡಿ. ಹೊರಗೆ ಹೋಗುವಾಗ ಟೋಪಿ, ಕನ್ನಡಕ ಹಾಕಿ. ಓಲೋಪಟಾಡಿನ್‌ನಂಥ ಅಲರ್ಜಿ ಹನಿಯನ್ನು ಡಾಕ್ಟರು ಬರೆಯುತ್ತಾರೆ, ಅದರಲ್ಲಿ ಸ್ಟೀರಾಯ್ಡ್ ಇಲ್ಲ, ಆದರೆ ಎರಡು ದಿನಕ್ಕೆ ಮ್ಯಾಜಿಕ್ ಮಾಡುವುದಿಲ್ಲ, ತಪ್ಪದೆ ಹಾಕಬೇಕು. ಜೋರಿದ್ದರೆ ಸೈಕ್ಲೋಸ್ಪೋರಿನ್ ಹನಿ, ಟ್ಯಾಕ್ರೋಲಿಮಸ್ ಮುಲಾಮು ಇವೆ. ಶುರುವಿಗೆ ಉರಿಯುತ್ತದೆ, ಮಗು ಅಳುತ್ತದೆ. ಆದರೆ ಇವು ಪ್ರೆಶರ್ ಏರಿಸುವುದಿಲ್ಲ. "ಸ್ಟೀರಾಯ್ಡ್ ಇಲ್ಲದೆ ಆಗುವುದಿಲ್ವಾ ಡಾಕ್ಟ್ರೇ?" ಎಂದು ಕೇಳಿ. ಸ್ಟೀರಾಯ್ಡ್ ಬೇಕೇ ಬೇಕು ಎಂದರೆ ಹಾಕಿ, ಹೇಳಿದ ದಿನಕ್ಕೆ ನಿಲ್ಲಿಸಿ, ಪ್ರೆಶರ್ ಅಳೆಸಿ.

8. ಕಣ್ಣಿಗೆ ಕಡ್ಡಿ, ಗರಿ, ಹೊಟ್ಟು ಬಿದ್ದಾಗ ಸ್ಟೀರಾಯ್ಡ್ ಮುಟ್ಟಲೇಬೇಡಿ

ಇದು ಪ್ರೆಶರಿನ ವಿಷಯ ಅಲ್ಲ, ಆದರೆ ಬಿಡಲು ಮನಸ್ಸಿಲ್ಲ. ಮರಗಸಿ ಮಾಡುವಾಗ ಕಡ್ಡಿ ತಾಗುತ್ತದೆ, ಜೋಳ ಮುರಿಯುವಾಗ ಗರಿ ಗೀರುತ್ತದೆ, ಭತ್ತ ತೂರುವಾಗ ಹೊಟ್ಟು ಬೀಳುತ್ತದೆ. ಹೀಗೆ ಗೀರಿದ ಕಾರ್ನಿಯಾದಲ್ಲಿ ಫಂಗಸ್ ಹುಣ್ಣು ಆಗಬಹುದು. ಅದರ ಮೇಲೆ ಸ್ಟೀರಾಯ್ಡ್ ಹಾಕಿದರೆ ಕೆಂಪು, ನೋವು ಸ್ವಲ್ಪ ಇಳಿದಂತೆ ಕಾಣುತ್ತದೆ, ಒಳಗೆ ಫಂಗಸ್ ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣೂ ಹಾಗೇ ಉಲ್ಬಣಿಸುತ್ತದೆ. ತೋಟದ ಲೈನಿನಲ್ಲಿ, ಹಳ್ಳಿ ಮನೆಯಲ್ಲಿ ಉಳಿದ ಬಾಟಲಿ ಹುಡುಕಿ ಹಾಕುವುದು ಇಂಥ ಹೊತ್ತಿನಲ್ಲೇ. ಚೊಕ್ಕ ನೀರಿನಲ್ಲಿ ಕಣ್ಣು ತೊಳೆಯಿರಿ, ಉಜ್ಜಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

9. ಹೆದರಿ ಥಟ್ಟನೆ ನಿಲ್ಲಿಸಬೇಡಿ

ಇಷ್ಟೆಲ್ಲ ಓದಿ ಇವತ್ತೇ ಬಾಟಲಿ ಬಿಸಾಡಿದರೆ ಅದೂ ತಪ್ಪು. ಪೊರೆ ಆಪರೇಷನ್ ಆದವರಿಗೆ ನಾಲ್ಕಾರು ವಾರ ಹನಿ ಕೊಟ್ಟು, ವಾರಕ್ಕೆ ಒಂದೊಂದು ಸಲ ಕಡಿಮೆ ಮಾಡುತ್ತಾ ಬರುತ್ತಾರೆ. ಕಣ್ಣೊಳಗಿನ ಉರಿಯೂತಕ್ಕೆ ಇನ್ನೂ ನಿಧಾನ. ನಡುವೆ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ, ಆ ಉರಿಯೂತವೇ ಕಣ್ಣು ಹಾಳು ಮಾಡಬಹುದು. ಬರೆದ ದಿನದೊಳಗೆ ಇದ್ದೀರಾ, ಹಾಕುತ್ತಾ ಹೋಗಿ, ಪ್ರೆಶರ್ ಅಳೆಸಿ. ಬರೆದ ದಿನ ಮುಗಿದು ತಿಂಗಳುಗಳಾದರೂ ಹಾಕುತ್ತಿದ್ದೀರಾ, ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಹೇಗೆ ಇಳಿಸುವುದು ಎಂದು ಅವರೇ ಹೇಳಲಿ.

10. ಏರಿದೆ ಎಂದು ಗೊತ್ತಾದರೆ

ಬೇಗ ಗೊತ್ತಾದರೆ ಬಹುತೇಕ ಸರಿಹೋಗುತ್ತದೆ. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಪ್ರೆಶರ್ ಇಳಿಯುತ್ತದೆ. ನಿಲ್ಲಿಸಲು ಆಗದಿದ್ದರೆ ಸೌಮ್ಯವಾದದ್ದಕ್ಕೆ ಬದಲಿಸುತ್ತಾರೆ, ಜೊತೆಗೆ ಪ್ರೆಶರ್ ಇಳಿಸುವ ಹನಿ ಕೊಡುತ್ತಾರೆ. ಟಿಮೊಲಾಲ್ ಬರೆದರೆ ನಿಮಗೆ ಆಸ್ತಮಾ, ಉಬ್ಬಸ, ನಿಧಾನ ನಾಡಿ ಇದ್ದರೆ ಮೊದಲೇ ಹೇಳಿ, ಆ ಹನಿ ಉಸಿರಾಟಕ್ಕೆ ತೊಂದರೆ ಕೊಡಬಹುದು. ಬ್ರಿಮೊನಿಡಿನ್ ತೀರಾ ಚಿಕ್ಕ ಮಕ್ಕಳಿಗೆ ಕೊಡಬಾರದು, ಮಂಪರು ಹಿಡಿದು ಉಸಿರಾಟ ನಿಧಾನವಾಗುತ್ತದೆ. ಅಸಿಟಜೋಲಮೈಡ್ ಮಾತ್ರೆ ಕೊಟ್ಟಾಗ ಬೆರಳು ಜುಮ್ಮೆನ್ನುವುದು ಮಾಮೂಲು, ಆದರೆ ಸಲ್ಫಾ ಅಲರ್ಜಿ, ಕಿಡ್ನಿ ಕಲ್ಲು ಇದ್ದರೆ ತಿಳಿಸಬೇಕು. ವರ್ಷಗಟ್ಟಲೆ ಸ್ಟೀರಾಯ್ಡ್ ಹಾಕಿದವರಲ್ಲಿ ಕೆಲವರಿಗೆ ನಿಲ್ಲಿಸಿದರೂ ಪ್ರೆಶರ್ ಇಳಿಯುವುದಿಲ್ಲ. ಅವರಿಗೆ ಕಾಯಂ ಹನಿ, ಅದಕ್ಕೂ ಬಗ್ಗದಿದ್ದರೆ ಆಪರೇಷನ್.

11. ಹನಿ ಒಂದೇ ದಾರಿ ಅಲ್ಲ

ಮುಖ ಬೆಳ್ಳಗಾಗಲಿ ಎಂದು, ರೆಪ್ಪೆಯ ತುರಿಕೆಗೆಂದು ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಕಣ್ಣಿನ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ ಅದೂ ಕಣ್ಣಿಗೆ ಸೇರುತ್ತದೆ. ಬಹುಕಾಲದ ಸ್ಟೀರಾಯ್ಡ್ ಮಾತ್ರೆ, ಇನ್‌ಹೇಲರ್, ಮೂಗಿನ ಸ್ಪ್ರೇ ಇವುಗಳಿಂದಲೂ ಕೆಲವರಿಗೆ ಪ್ರೆಶರ್ ಏರುತ್ತದೆ, ಹನಿಯಷ್ಟು ಸಾಮಾನ್ಯವಲ್ಲ. ಆಸ್ತಮಾ ಇನ್‌ಹೇಲರನ್ನು ಇದಕ್ಕೆ ಹೆದರಿ ಬಿಡಬೇಡಿ. ಕಣ್ಣಿನ ಡಾಕ್ಟರಿಗೆ "ಇದನ್ನೂ ತೆಗೆದುಕೊಳ್ಳುತ್ತಿದ್ದೇನೆ" ಎಂದು ಹೇಳಿ, ಸಾಕು.

ಕೊನೆಗೆ ಮನೆಯ ಅಲಮಾರಿ ನೋಡಿ. ತೆರೆದು ಒಂದು ತಿಂಗಳಾದ ಕಣ್ಣಿನ ಹನಿ, ಯಾವುದೇ ಇರಲಿ, ಬಿಸಾಡಿ. ಬಾಟಲಿ ತೆರೆದ ದಿನವೇ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೆ ಬರೆಯುವ ಅಭ್ಯಾಸ ಮಾಡಿ. ಅಜ್ಜಿಯ ಪೊರೆ ಆಪರೇಷನ್ನಿಗೆ ಕೊಟ್ಟ ಬಾಟಲಿ ಮೊಮ್ಮಗನ ಕೆಂಪು ಕಣ್ಣಿಗೆ ಅಲ್ಲ.